ಕೆಂಪು ಆಯಿಲ್ ಲೈಟ್ ಬಂದರೆ ಗಾಡಿ ಅಲ್ಲೇ ನಿಲ್ಲಿಸಿ

ಸೆಕೆಂಡ್ ಹ್ಯಾಂಡ್ ಕಾರು ತಗೊಂಡು ನಾಲ್ಕೈದು ತಿಂಗಳಿಗೆ ಎಂಜಿನ್ ಸೀಜ್ ಮಾಡಿಕೊಂಡು, ಅಂದರೆ ಒಳಗೇ ಜಾಮ್ ಮಾಡಿಕೊಂಡು, ನನ್ನ ಗ್ಯಾರೇಜಿಗೆ ಬರುವವರು ಹೇಳುವ ಮಾತು ಹೆಚ್ಚು ಕಡಿಮೆ ಒಂದೇ. 'ಏನೂ ಪ್ರಾಬ್ಲಂ ಇರಲಿಲ್ಲ ಅಣ್ಣಾ, ಚೆನ್ನಾಗೇ ಓಡ್ತಿತ್ತು, ಇದ್ದಕ್ಕಿದ್ದಂಗೆ ನಿಂತುಹೋಯ್ತು.' ಮೀಟರಿನಲ್ಲಿ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ಲೈಟ್ ಬಂದಿತ್ತಾ ಅಂತ ಕೇಳುತ್ತೇನೆ. 'ಹೂಂ, ಅದು ಬಂದಿತ್ತು. ಆಯಿಲ್ ಕಡಿಮೆ ಆಗಿರಬೇಕು, ಊರು ಮುಟ್ಟಿದ ಮೇಲೆ ಹಾಕಿಸೋಣ ಅಂತಿದ್ದೆ.'

ಈ ಉತ್ತರ ಕೇಳಿ ಕೇಳಿ ಸಾಕಾಗಿದೆ. ಓದಿದವರು, ಓದದವರು, ಹೊಸದಾಗಿ ಡ್ರೈವಿಂಗ್ ಕಲಿತವರು, ಇಪ್ಪತ್ತು ವರ್ಷ ಟ್ಯಾಕ್ಸಿ ಓಡಿಸಿದವರು, ಎಲ್ಲರೂ ಇದೇ ತಪ್ಪು ಮಾಡುತ್ತಾರೆ. ಪೆಟ್ರೋಲ್ ರಿಸರ್ವ್‌ಗೆ ಬಂದಾಗ ಹಳದಿ ಲೈಟ್ ಬರುತ್ತದೆ, ಆಮೇಲೂ ಮೂವತ್ತು ನಲವತ್ತು ಕಿಲೋಮೀಟರ್ ಓಡುತ್ತದೆ. ಆಯಿಲ್ ಲೈಟೂ ಹಾಗೇ ಅಂದುಕೊಂಡುಬಿಟ್ಟಿದ್ದಾರೆ. ಅಲ್ಲ. ಆ ಕೆಂಪು ಲೈಟಿಗೆ ಒಳಗೆ ಎಷ್ಟು ಆಯಿಲ್ ಇದೆ ಅನ್ನುವುದು ಗೊತ್ತೇ ಇಲ್ಲ. ಅದು ನೋಡುವುದು ಪ್ರೆಷರ್ ಮಾತ್ರ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳದೆ ಓದಿ.

ಎಂಜಿನ್ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ಇದೆ. ಅದರ ತಳದಲ್ಲಿ ಜಾಲರಿ ಇರುವ ಒಂದು ಪೈಪ್. ಪಂಪ್ ಆ ಪೈಪಿನಿಂದ ಆಯಿಲ್ ಎಳೆದು, ಫಿಲ್ಟರ್ ದಾಟಿಸಿ, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಬೇರಿಂಗುಗಳಿಗೆ, ವಾಲ್ವ್ ತೆರೆಯುವ ಮೇಲಿನ ಕ್ಯಾಮ್‌ಗೆ, ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಇದ್ದರೆ ಅದಕ್ಕೂ ಒತ್ತಿ ಕಳಿಸುತ್ತದೆ. ಕ್ರ್ಯಾಂಕ್ ತಿರುಗುವಾಗ ಬೇರಿಂಗಿಗೆ ತಾಗುವುದಿಲ್ಲ. ಎರಡರ ನಡುವೆ ತಲೆಕೂದಲಿನ ದಪ್ಪಕ್ಕೂ ಕಡಿಮೆ ಸಂದು, ಸುಮಾರು 0.05 ಮಿಲಿಮೀಟರ್. ಆ ಸಂದಿನಲ್ಲಿ ಒತ್ತಡದಿಂದ ಬಂದ ಆಯಿಲ್ ಪದರದ ಮೇಲೆ ಕ್ರ್ಯಾಂಕ್ ತೇಲುತ್ತಿರುತ್ತದೆ. 3,000 ಆರ್‌ಪಿಎಂನಲ್ಲಿ ಅಂದರೆ ಸೆಕೆಂಡಿಗೆ 50 ಸುತ್ತು. ಟರ್ಬೊ ಅಂತೂ ನಿಮಿಷಕ್ಕೆ ಒಂದು ಲಕ್ಷ ಸುತ್ತು ದಾಟುತ್ತದೆ. ಆಯಿಲ್ ಬರುವುದು ನಿಂತ ಕ್ಷಣದಿಂದ ಲೋಹಕ್ಕೆ ಲೋಹ ಉಜ್ಜುತ್ತದೆ.

ಈಗ ಲೈಟಿಗೆ ಬರೋಣ. ಎಂಜಿನ್ ಮೈಯಲ್ಲಿ ಒಂದು ಸಣ್ಣ ಪ್ರೆಷರ್ ಸ್ವಿಚ್ ಇರುತ್ತದೆ. ಬಿಸಿಯಾದ ಒಳ್ಳೆಯ ಎಂಜಿನ್ ರಸ್ತೆಯಲ್ಲಿ ಓಡುವಾಗ ಆಯಿಲ್ ಪ್ರೆಷರ್ ಸಾಮಾನ್ಯವಾಗಿ 3-4 ಬಾರ್ (ಒತ್ತಡದ ಅಳತೆ) ಇರುತ್ತದೆ, ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, 1ರ ಆಸುಪಾಸು. ಈ ಸ್ವಿಚ್ ಲೈಟ್ ಹತ್ತಿಸುವುದು ಪ್ರೆಷರ್ ಹೆಚ್ಚು ಕಡಿಮೆ ಅರ್ಧ ಬಾರ್‌ಗಿಂತ ಕೆಳಗೆ ಬಿದ್ದಾಗ. ಕಂಪನಿಯಿಂದ ಕಂಪನಿಗೆ ಅಂಕಿ ಬದಲಾಗುತ್ತದೆ, ಆದರೆ ವಿಷಯ ಅದೇ. ಅಂದರೆ ನಿಮಗೆ ಲೈಟ್ ಕಾಣುವ ಹೊತ್ತಿಗೆ ಬೇರಿಂಗಿಗೆ ಆಯಿಲ್ ಹೋಗುವುದು ಹತ್ತಿರ ಹತ್ತಿರ ನಿಂತುಹೋಗಿದೆ. ಅದು 'ಇನ್ನು ಸ್ವಲ್ಪ ಹೊತ್ತಿಗೆ ತೊಂದರೆ ಆಗುತ್ತದೆ' ಅನ್ನುವ ಲೈಟ್ ಅಲ್ಲ, ತೊಂದರೆ ಆಗಲೇ ನಡೆಯುತ್ತಿದೆ. ಇನ್ನು ಹತ್ತು ಕಿಲೋಮೀಟರ್ ಓಡಿಸಬಹುದಾ ಅಂತ ಫೋನ್ ಮಾಡುತ್ತಾರೆ. ಒಂದು ಕಿಲೋಮೀಟರ್ ಕೂಡ ಬೇಡ. ಎದುರಿಗೇ ಪೆಟ್ರೋಲ್ ಬಂಕ್ ಕಾಣ್ತಿದೆ ಅಂದರೂ ಅಲ್ಲಿಯವರೆಗೆ ತಳ್ಳಿಕೊಂಡು ಹೋಗಿ.

ಕೆಲವು ಕಾರುಗಳಲ್ಲಿ ಅದೇ ಚಿತ್ರ ಹಳದಿ ಬಣ್ಣದಲ್ಲೂ ಬರುತ್ತದೆ. ಅದು ಲೆವೆಲ್ ಲೈಟ್. ಅದಕ್ಕೆ ಸ್ವಲ್ಪ ಸಮಯ ಇದೆ, ಬೇಗ ಆಯಿಲ್ ಹಾಕಿಸಿದರೆ ಆಯ್ತು. ಕೆಂಪಿಗೆ ಸಮಯ ಇಲ್ಲ. ಗೊಂದಲ ಹುಟ್ಟುವುದು ಬಹುಶಃ ಇಲ್ಲೇ.

ನನ್ನ ಗ್ಯಾರೇಜ್ ಹಾಸನದಲ್ಲಿ. ಬೆಂಗಳೂರು-ಮಂಗಳೂರು ಹೆದ್ದಾರಿ ಹತ್ತಿರ ಇರುವುದರಿಂದ ಶಿರಾಡಿ ಘಾಟಿಯಲ್ಲಿ ಕೆಟ್ಟ ಗಾಡಿಗಳು ಬಹಳ ಬರುತ್ತವೆ. ಕಾರು ತಗೊಂಡ ಮೇಲೆ ಮೊದಲ ದೂರದ ಪ್ರಯಾಣ ಧರ್ಮಸ್ಥಳ, ಸುಬ್ರಹ್ಮಣ್ಯಕ್ಕೆ ಅನ್ನುವವರು ನಮ್ಮಲ್ಲಿ ಜಾಸ್ತಿ ಅಲ್ವಾ? ಹಾಗೇ ಬೆಂಗಳೂರಿನ ಒಂದು ಕುಟುಂಬ ಒಂಬತ್ತು ವರ್ಷ ಹಳೆಯ ಡೀಸೆಲ್ ಕಾರು ತಗೊಂಡು ಧರ್ಮಸ್ಥಳಕ್ಕೆ ಹೊರಟಿತ್ತು. ಘಾಟಿ ಇಳಿಯುವಾಗ ತಿರುವು ಬಂದಾಗಲೆಲ್ಲ, ಬ್ರೇಕ್ ಹಾಕಿದಾಗಲೆಲ್ಲ ಕೆಂಪು ಲೈಟ್ ಒಂದು ಸಲ ಮಿನುಗಿ ಹೋಗುತ್ತಿತ್ತಂತೆ. ತಾನಾಗಿಯೇ ಹೋಗುತ್ತಿದೆಯಲ್ಲ, ವೈರಿಂಗ್ ಲೂಸ್ ಇರಬೇಕು ಅಂದುಕೊಂಡರು. ದರ್ಶನ ಮುಗಿಸಿ ಮಾರನೆಯ ದಿನ ವಾಪಸ್ ಹೊರಟರು. ಗುಂಡ್ಯ ದಾಟಿ ಘಾಟಿ ಹತ್ತಲು ಶುರು ಮಾಡಿದ ಮೇಲೆ ಲೈಟ್ ಆರಲೇ ಇಲ್ಲ. ಸಕಲೇಶಪುರದವರೆಗೆ ಹೇಗಾದರೂ ಹೋಗೋಣ, ಅಲ್ಲಿ ಮೆಕ್ಯಾನಿಕ್ ಸಿಗುತ್ತಾನೆ ಅಂತ ಹತ್ತಿಸಿದರು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಟಕ ಟಕ ಶಬ್ದ, ಪಿಕಪ್ ಇಲ್ಲ, ಆಮೇಲೆ ಒಂದೇ ಸಲ ಜಾಮ್.

ತಿರುವಿನಲ್ಲಿ ಮಿನುಗುವ ಲೈಟನ್ನು ಎಲ್ಲರೂ ಹಗುರವಾಗಿ ತಗೊಳ್ಳುತ್ತಾರೆ, ಆದರೆ ದೇವರು ಕೊಟ್ಟ ಅವಕಾಶ ಅಂದರೆ ಅದೇ. ಚೇಂಬರಿನಲ್ಲಿ ಆಯಿಲ್ ಕಡಿಮೆ ಇದ್ದರೆ ತಿರುವಿನಲ್ಲಿ ಅದು ಒಂದು ಪಕ್ಕಕ್ಕೆ ಸರಿಯುತ್ತದೆ, ಬ್ರೇಕ್ ಹಾಕಿದರೆ ಮುಂದಕ್ಕೆ ಹೋಗುತ್ತದೆ, ಏರಿನಲ್ಲಿ ಹಿಂದಕ್ಕೆ. ಪೈಪಿನ ಬಾಯಿಗೆ ಆಯಿಲ್ ಸಿಗದೆ ಪಂಪ್ ಗಾಳಿ ಎಳೆಯುತ್ತದೆ. ಆ ಒಂದೆರಡು ಸೆಕೆಂಡು ಪ್ರೆಷರ್ ಇಲ್ಲ, ಲೈಟ್ ಬರುತ್ತದೆ. ರಸ್ತೆ ನೇರ ಆದ ಕೂಡಲೇ ಹೋಗುತ್ತದೆ. ಆಗಲೇ ನಿಲ್ಲಿಸಿ ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡುವ ಕಡ್ಡಿ) ಎಳೆದು ನೋಡಿದ್ದರೆ ಎರಡು ಲೀಟರ್ ಆಯಿಲ್‌ನಲ್ಲಿ ಮುಗಿಯುತ್ತಿತ್ತು. ನಾನು ಡ್ರೈನ್ ಬೋಲ್ಟ್ ತೆಗೆದಾಗ ಒಂದು ಲೀಟರ್ ಕೂಡ ಹೊರಗೆ ಬರಲಿಲ್ಲ. ಪಿಸ್ಟನ್ ರಾಡ್ ಕ್ರ್ಯಾಂಕಿಗೆ ಕೂರುವ ಕಡೆಯ ಬಿಗ್ ಎಂಡ್ ಬೇರಿಂಗ್ ಶೆಲ್ ಕರಗಿ ಕ್ರ್ಯಾಂಕಿಗೆ ಅಂಟಿಕೊಂಡಿತ್ತು.

ಆ ಮನೆಯ ಯಜಮಾನರು ಒಳ್ಳೆಯ ಮನುಷ್ಯ. ಟೈರಿನ ಗಾಳಿ, ವೈಪರ್ ನೀರು, ಹೆಡ್‌ಲೈಟ್ ಎಲ್ಲ ನೋಡಿಕೊಂಡೇ ಹೊರಟವರು. ವರ್ಷಗಟ್ಟಲೆ ದುಡ್ಡು ಕೂಡಿಸಿ ತಗೊಂಡ ಮೊದಲ ಕಾರು. ಬಾನೆಟ್ ತೆಗೆದು ಆ ಕಡ್ಡಿ ಎಳೆದು ನೋಡಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇಂಥವರ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ಸಂಕಟ ಆಗುತ್ತದೆ. ಸಿಟ್ಟು ಬರುವುದು ಗಾಡಿ ಮಾರಿದವರ ಮೇಲೆ.

ಯಾಕಂದರೆ ಹಳೆಯ ಗಾಡಿಯಲ್ಲಿ ಈ ಲೈಟ್ ಬರಲು ಕಾರಣಗಳು ಹಲವು ಇರುತ್ತವೆ, ಅದರಲ್ಲಿ ಮುಚ್ಚಿಡುವಂಥವೂ ಇವೆ. ಪಿಸ್ಟನ್ ರಿಂಗ್, ವಾಲ್ವ್ ಸೀಲ್ ಸವೆದ ಎಂಜಿನ್ ಆಯಿಲ್ ಸುಡುತ್ತದೆ. ಅಂಥ ಗಾಡಿಗೆ ಮಾರುವ ಮೊದಲು ಗಟ್ಟಿ ಆಯಿಲ್ ಸುರಿದುಬಿಟ್ಟರೆ ಹೊಗೆ ಕಡಿಮೆ, ಶಬ್ದ ಕಡಿಮೆ, ಪ್ರೆಷರ್ ಕೂಡ ಸರಿಯಾಗಿ ಕಾಣುತ್ತದೆ. ನಿಮ್ಮ ಮೊದಲ ಸರ್ವಿಸ್‌ನಲ್ಲಿ ಸರಿಯಾದ ಗ್ರೇಡಿನ ತೆಳು ಆಯಿಲ್ ಹಾಕಿದ ಮೇಲೆ ಅಸಲಿ ಎಂಜಿನ್ ಹೊರಗೆ ಬರುತ್ತದೆ. ಆಗ 'ಸರ್ವಿಸ್ ಮಾಡಿಸಿದ ಮೇಲೇ ಗಾಡಿ ಕೆಟ್ಟಿದ್ದು' ಅಂತ ಬೈಗುಳ ನಮಗೆ.

ಇನ್ನೊಂದು, ಚೇಂಬರ್ ಏಟು. ನಮ್ಮ ಊರುಗಳ ಹಂಪ್‌ಗಳು ನಿಮಗೆ ಗೊತ್ತೇ ಇದೆ. ನಾಲ್ಕು ಜನ ಕೂತ ಸಣ್ಣ ಕಾರು ಕೆಳಗೆ ತಾಗಿದರೆ ಅಲ್ಯೂಮಿನಿಯಂ ಚೇಂಬರ್ ಸೀಳುತ್ತದೆ. ಅದಕ್ಕೆ ಅಂಟು ಮೆತ್ತಿ ಮಾರಿರುತ್ತಾರೆ. ತಗಡಿನ ಚೇಂಬರ್ ಸೀಳುವುದಿಲ್ಲ, ಒಳಕ್ಕೆ ಬಗ್ಗಿ ಪೈಪಿನ ಬಾಯಿಗೆ ಅಡ್ಡ ನಿಲ್ಲುತ್ತದೆ. ಇದು ಇನ್ನೂ ಮೋಸದ್ದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಫುಲ್ ಕಾಣುತ್ತದೆ, ಆದರೆ ಪಂಪಿಗೆ ಸಿಗುವುದಿಲ್ಲ.

ವರ್ಷಗಟ್ಟಲೆ ಆಯಿಲ್ ಬದಲಿಸದೆ ಸಿಟಿಯೊಳಗೆ ಮಾತ್ರ ಓಡಿಸಿದ ಗಾಡಿಯಲ್ಲಿ ಆಯಿಲ್ ಕಪ್ಪು ಗಸಿಯಾಗಿ ಜಾಲರಿಗೆ ಮೆತ್ತಿಕೊಂಡಿರುತ್ತದೆ. 'ಕಿಲೋಮೀಟರ್ ಬಹಳ ಕಡಿಮೆ ಓಡಿದೆ' ಅಂತ ಖುಷಿಯಿಂದ ತಂದ ಗಾಡಿಗಳಲ್ಲೇ ಇದು ಜಾಸ್ತಿ ನೋಡಿದ್ದೇನೆ. ಇಂಥ ಎಂಜಿನ್‌ಗೆ ಫ್ಲಶ್ ದ್ರಾವಣ ಹಾಕಿ ತೊಳೆಯಿರಿ ಅಂತ ಕೇಳಬೇಡಿ. ಗಸಿ ಕಳಚಿ ಒಮ್ಮೆಗೇ ಜಾಲರಿಗೆ ಬಂದು ಕೂರಬಹುದು. ಚೇಂಬರ್ ಇಳಿಸಿ ಕೈಯಿಂದ ತೊಳೆಯುವುದೇ ಸರಿ. 2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಗಳಲ್ಲಿ ಕೆಲವೊಮ್ಮೆ ತಿರುಗುಮುರುಗು, ಆಯಿಲ್ ಲೆವೆಲ್ ಮೇಲೇರುತ್ತದೆ. ಬರೀ ಊರೊಳಗೆ ಓಡಿಸಿದರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಸುಟ್ಟು ಶುದ್ಧ ಆಗುವ ಕೆಲಸ ಅರ್ಧಕ್ಕೆ ನಿಂತು, ಡೀಸೆಲ್ ಆಯಿಲ್‌ಗೆ ಬೆರೆತು ಅದನ್ನು ತೆಳು ಮಾಡುತ್ತದೆ. ಲೆವೆಲ್ ಡಿಪ್‌ಸ್ಟಿಕ್‌ನ ಮ್ಯಾಕ್ಸ್ ಗುರುತು ದಾಟಿದೆ, ಡೀಸೆಲ್ ವಾಸನೆ ಬರುತ್ತಿದೆ ಅಂದರೆ ಬದಲಿಸಲೇಬೇಕು.

ಹಾಗಾದರೆ ತಗೊಳ್ಳುವಾಗ ಏನು ನೋಡಬೇಕು? ಎಲ್ಲ ಹೇಳಲು ಇಲ್ಲಿ ಜಾಗ ಇಲ್ಲ, ಆಯಿಲ್‌ಗೆ ಸಂಬಂಧಿಸಿದ್ದನ್ನು ಹೇಳುತ್ತೇನೆ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಹೆಚ್ಚಿನ ಗಾಡಿಗಳಲ್ಲಿ ಕೆಂಪು ಆಯಿಲ್ ಲೈಟ್ ಆಗ ಉರಿಯಬೇಕು, ಸ್ಟಾರ್ಟ್ ಮಾಡಿದ ಒಂದೆರಡು ಸೆಕೆಂಡಿನಲ್ಲಿ ಆರಬೇಕು. ಉರಿಯಲೇ ಇಲ್ಲ ಅಂದರೆ ಸಮಾಧಾನ ಪಡಬೇಡಿ, ಅನುಮಾನ ಪಡಿ. ಪ್ರೆಷರ್ ಸ್ವಿಚ್‌ನ ವೈರ್ ಕಿತ್ತು ಟೇಪ್ ಸುತ್ತಿಟ್ಟ ಗಾಡಿಗಳು ನನ್ನ ಗ್ಯಾರೇಜಿಗೆ ಬಂದಿವೆ. ಅದರಲ್ಲಿ ಕುಳಿತವರಿಗೆ ಎಚ್ಚರಿಕೆ ಕೊಡುವ ಒಂದೇ ಒಂದು ದಾರಿಯನ್ನೂ ಕತ್ತರಿಸಿಬಿಟ್ಟಿದ್ದಾರೆ. ಇದನ್ನು ನಾನು ಕ್ಷಮಿಸಲಾರೆ.

ಆಮೇಲೆ ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಚೆನ್ನಾಗಿ ಬಿಸಿ ಮಾಡಿ, ಐಡಲ್‌ನಲ್ಲಿ ಬಿಡಿ. ತಣ್ಣಗಿದ್ದಾಗ ಆಯಿಲ್ ಗಟ್ಟಿ, ಸವೆದ ಎಂಜಿನ್ ಕೂಡ ಪ್ರೆಷರ್ ತೋರಿಸುತ್ತದೆ. ಬಿಸಿಯಾದ ಮೇಲೆ ಐಡಲ್‌ನಲ್ಲಿ ಲೈಟ್ ಮಿನುಗಿದರೆ ಆ ಗಾಡಿ ಬಿಟ್ಟು ಬನ್ನಿ. ಸ್ವಿಚ್ಚೇ ಕೆಟ್ಟಿರಬಹುದು, ಇಲ್ಲ ಅನ್ನುವುದಿಲ್ಲ. ಅದು ಕೆಲವು ನೂರು ರೂಪಾಯಿಯ ಸಾಮಾನು. ಆದರೆ ಅದನ್ನು ಗೇಜ್ ಹಾಕಿ ಅಳೆದು ಹೇಳಬೇಕೇ ಹೊರತು ಬ್ರೋಕರ್ ಬಾಯಿಮಾತಿನಲ್ಲಿ ಅಲ್ಲ. ಆಯಿಲ್ ಹಾಕುವ ಮುಚ್ಚಳ ತೆಗೆದು ಬ್ಯಾಕ್ ಕಂಪ್ರೆಷನ್ (ಪಿಸ್ಟನ್ ಪಕ್ಕದಿಂದ ಸೋರಿ ಬರುವ ಗಾಳಿ, ಹೊಗೆ) ನೋಡುವುದು ನಿಮ್ಮ ಮೆಕ್ಯಾನಿಕ್‌ಗೆ ಗೊತ್ತಿರುತ್ತದೆ, ಅವನನ್ನು ಕರೆದುಕೊಂಡೇ ಹೋಗಿ.

ಮನೆಗೆ ತಂದ ಮೇಲೆ ಮೊದಲ ಮೂರು ತಿಂಗಳು ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡಿ. ಬೆಳಿಗ್ಗೆ, ಸಮತಟ್ಟಾದ ಜಾಗದಲ್ಲಿ, ಸ್ಟಾರ್ಟ್ ಮಾಡುವ ಮೊದಲು. ಸಣ್ಣ ಕಾರುಗಳಲ್ಲಿ ಒಟ್ಟು ಆಯಿಲೇ ಸುಮಾರು ಮೂರು ಲೀಟರ್, ಮಿನ್‌ನಿಂದ ಮ್ಯಾಕ್ಸ್‌ಗೆ ಹೆಚ್ಚು ಕಡಿಮೆ ಒಂದು ಲೀಟರ್. ನಿಮ್ಮ ಎಂಜಿನ್ ಎಷ್ಟು ಕುಡಿಯುತ್ತದೆ ಅನ್ನುವುದು ನಿಮಗೆ ಗೊತ್ತಾಗಬೇಕು. ಸ್ವಲ್ಪ ಕುಡಿದರೆ ಗಾಬರಿ ಬೇಡ, ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್‌ವರೆಗೂ ಸಹಜ ಅಂತ ಕೈಪಿಡಿಯಲ್ಲೇ ಬರೆಯುವ ಕಂಪನಿಗಳಿವೆ. ಆದರೆ ಲೆಕ್ಕ ಹಾಕಿ ನೋಡಿ. ಆ ಲೆಕ್ಕದಲ್ಲಿ ಹತ್ತು ಸಾವಿರ ಕಿಲೋಮೀಟರ್‌ನ ಸರ್ವಿಸ್ ಬರುವ ತನಕ ಬಾನೆಟ್ ತೆಗೆಯದಿದ್ದರೆ ಚೇಂಬರಿನಲ್ಲಿ ಏನು ಉಳಿದಿರುತ್ತದೆ?

ದಾರಿಯಲ್ಲಿ ಕೆಂಪು ಲೈಟ್ ಬಂದರೆ ಇಷ್ಟು ಮಾಡಿ. ಎಡಕ್ಕೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಕೂಡಲೇ ಎಂಜಿನ್ ಆಫ್ ಮಾಡಿ. ಗಾಡಿ ಇನ್ನೂ ಚಲಿಸುತ್ತಿರುವಾಗ ಆಫ್ ಮಾಡಬೇಡಿ, ಸ್ಟೀರಿಂಗ್, ಬ್ರೇಕ್ ಗಟ್ಟಿಯಾಗುತ್ತವೆ. ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಗಾಡಿ ಕೆಳಗೆ ಬಗ್ಗಿ ಸೋರಿದೆಯಾ ನೋಡಿ. ಸೋರಿಲ್ಲ, ಲೆವೆಲ್ ಕಡಿಮೆ ಇದೆ ಅಂದರೆ ಆಯಿಲ್ ತರಿಸಿ ಹಾಕಿ, ಸ್ಟಾರ್ಟ್ ಮಾಡಿ. ಬ್ರ್ಯಾಂಡ್ ಬೇರೆ ಆದರೂ ಆ ಹೊತ್ತಿಗೆ ಪರವಾಗಿಲ್ಲ. ಲೈಟ್ ಆರಿ, ಕೆಟ್ಟ ಶಬ್ದ ಇಲ್ಲದಿದ್ದರೆ ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು. ಲೈಟ್ ಆರದಿದ್ದರೆ, ಇಲ್ಲವೇ ಲೆವೆಲ್ ಸರಿ ಇದ್ದೂ ಲೈಟ್ ಬಂದಿದ್ದರೆ, ಮತ್ತೆ ಸ್ಟಾರ್ಟ್ ಮಾಡಲೇಬೇಡಿ.

ಇನ್ಶೂರೆನ್ಸ್ ಇದೆ ಅಂತ ಧೈರ್ಯ ಮಾಡಬೇಡಿ. ಪಾಲಿಸಿಗಳ ಷರತ್ತು ಬೇರೆ ಬೇರೆ ಇರುತ್ತದೆ, ನಿಮ್ಮದನ್ನು ಓದಿ ನೋಡಿ. ಆದರೆ ಕಲ್ಲು ತಾಗಿ ಚೇಂಬರ್ ಒಡೆದದ್ದಕ್ಕೆ ಕೊಟ್ಟರೂ, ಆಮೇಲೆ ಓಡಿಸಿ ಎಂಜಿನ್ ಸೀಜ್ ಮಾಡಿಕೊಂಡದ್ದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಸಿಗುವುದು ಕಷ್ಟ. ಎಂಜಿನ್ ಪ್ರೊಟೆಕ್ಷನ್ ಅಂತ ಬೇರೆ ಕವರ್ ಇದೆ, ಅದರಲ್ಲೂ ಷರತ್ತುಗಳಿವೆ.

ಅರಸೀಕೆರೆ ಕಡೆಯ ಒಬ್ಬ ನಿವೃತ್ತ ಟೀಚರಮ್ಮ ಇದ್ದಾರೆ. ಹಳೆಯ ಸಣ್ಣ ಪೆಟ್ರೋಲ್ ಕಾರು, ಅವರೇ ಓಡಿಸುತ್ತಾರೆ. ಒಂದು ಸಂಜೆ ಲೈಟ್ ಬಂದ ಕೂಡಲೇ ಮರದ ಕೆಳಗೆ ನಿಲ್ಲಿಸಿ ನನಗೆ ಫೋನ್ ಮಾಡಿದರು. ಹಿಂದೆ ಬಂದ ಇಬ್ಬರು ಹುಡುಗರು 'ಏನಾಗಲ್ಲ ಆಂಟಿ, ನಾವು ಓಡಿಸಿಕೊಡ್ತೀವಿ' ಅಂದರೂ ಕೀ ಕೊಡಲಿಲ್ಲವಂತೆ. ಹೋಗಿ ನೋಡಿದರೆ ಡ್ರೈನ್ ಬೋಲ್ಟಿನ ವಾಷರ್ ಹೋಗಿ ಆಯಿಲ್ ಎಲ್ಲ ಸೋರಿತ್ತು. ವಾಷರ್, ಆಯಿಲ್, ಫಿಲ್ಟರ್, ನನ್ನ ಕೂಲಿ ಎಲ್ಲ ಸೇರಿ ಮೂರು ಸಾವಿರದ ಒಳಗೆ ಮುಗಿಯಿತು. ಧರ್ಮಸ್ಥಳದಿಂದ ಬಂದ ಆ ಡೀಸೆಲ್ ಗಾಡಿಗೆ ಕ್ರ್ಯಾಂಕ್, ಬೇರಿಂಗ್, ಟರ್ಬೊ ಅಂತ ಲಕ್ಷ ದಾಟಿತು.

ಇದನ್ನು ಓದಿದ ಮೇಲೂ ಕೆಲವರು ಲೈಟ್ ಉರಿಯುತ್ತಿರುವಾಗಲೇ ಗಾಡಿ ಓಡಿಸಿಕೊಂಡು ಗ್ಯಾರೇಜಿಗೆ ಬಂದು 'ನೋಡಿ ಅಣ್ಣಾ, ಲೈಟ್ ಬರ್ತಿದೆ' ಅಂತ ತೋರಿಸುತ್ತಾರೆ, ಗೊತ್ತು. ದಯವಿಟ್ಟು ತರಬೇಡಿ. ಮೊದಲು ಎಂಜಿನ್ ಆಫ್ ಮಾಡಿ, ಆಮೇಲೆ ಮೀಟರಿನ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿ, ಲೊಕೇಶನ್ ಹಾಕಿ ಕೂತಿರಿ. ಹತ್ತಿರ ಇದ್ದರೆ ಹುಡುಗನ ಕೈಲಿ ಆಯಿಲ್ ಕಳಿಸುತ್ತೇನೆ, ದೂರ ಇದ್ದರೆ ಟೋ ಗಾಡಿಯವನ ನಂಬರ್ ಕೊಡುತ್ತೇನೆ.