ಓಡುವ ತಾಯಿ, ಹೊರುವ ತಾಯಿ

2021ರ ಆಗಸ್ಟ್ 2ರಂದು ಟೋಕಿಯೊದಲ್ಲಿ ಜರ್ಮನಿಯ ಜೂಲಿಯಾ ಕ್ರಾಯೆವ್ಸ್ಕಿ ಈವೆಂಟಿಂಗ್ ಎಂಬ ಕುದುರೆ ಸವಾರಿ ಸ್ಪರ್ಧೆಯ ವೈಯಕ್ತಿಕ ಚಿನ್ನ ಗೆದ್ದರು. 1912ರಿಂದ ಒಲಿಂಪಿಕ್ಸ್‌ನಲ್ಲಿರುವ ಸ್ಪರ್ಧೆ ಇದು. ಗಂಡಸರು ಹೆಂಗಸರು ಒಂದೇ ಕಣದಲ್ಲಿ ಸೆಣಸುತ್ತಾರೆ. ಆದರೂ ಒಬ್ಬ ಮಹಿಳೆಗೆ ಈ ಚಿನ್ನ ಸಿಕ್ಕಿದ್ದು ಅದೇ ಮೊದಲು. ನಮ್ಮ ಪತ್ರಿಕೆಗಳ ಕಣ್ಣು ಸಹಜವಾಗಿಯೇ 23ನೇ ಸ್ಥಾನದ ಮೇಲಿತ್ತು. ಬೆಂಗಳೂರಿನ ಫವಾದ್ ಮಿರ್ಜಾ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆಯೇರಿ ಅಲ್ಲಿಯವರೆಗೆ ಬಂದಿದ್ದರು. ಇಮ್ತಿಯಾಜ್ ಅನೀಸ್ 2000ದಲ್ಲಿ ಸಿಡ್ನಿಗೆ ಹೋದ ಮೇಲೆ ಒಲಿಂಪಿಕ್ಸ್ ಕುದುರೆ ಸವಾರಿಯಲ್ಲಿ ಭಾರತೀಯರೇ ಇರಲಿಲ್ಲ. ಈ ಎರಡೂ ಸುದ್ದಿಗಳ ನಡುವೆ ಮೂರನೆಯದೊಂದು ಕಳೆದುಹೋಯಿತು: ಚಿನ್ನ ಗೆದ್ದ ಕುದುರೆ, ಅಮಾಂಡ್ ದ ಬ್ನೆವಿಲ್, ಹೆಣ್ಣು. ವಯಸ್ಸು ಹನ್ನೊಂದು.

ಕುದುರೆಯ ಹನ್ನೊಂದನೇ ವಯಸ್ಸು ಎಂದರೆ ಹೆರುವ ವಯಸ್ಸು. ಈವೆಂಟಿಂಗ್‌ನಲ್ಲಿ ಅದು ಗೆಲ್ಲುವ ವಯಸ್ಸೂ ಹೌದು. ತಳಿಗಾರರ ತಲೆನೋವು ಶುರುವಾಗುವುದೇ ಇಲ್ಲಿ.

ಈವೆಂಟಿಂಗ್ ಹುಟ್ಟಿದ್ದು ಸೇನೆಯ ಅಶ್ವದಳದಲ್ಲಿ. ಅಧಿಕಾರಿಯ ಕುದುರೆ ಕವಾಯತಿನಲ್ಲಿ ಹೇಳಿದಂತೆ ಕೇಳಬೇಕು, ಹೊಲ ಹಳ್ಳ ಬೇಲಿ ದಾಟಿ ಓಡಬೇಕು, ಮರುದಿನ ಮತ್ತೆ ಸವಾರಿಗೆ ಸಿದ್ಧವಿರಬೇಕು. ಈ ಮೂರೇ ಇವತ್ತಿನ ಮೂರು ಸುತ್ತುಗಳು: ಡ್ರೆಸಾಜ್, ಕ್ರಾಸ್‌ಕಂಟ್ರಿ, ಶೋ ಜಂಪಿಂಗ್. ನಡುವಿನದೇ ನಿಜವಾದ ಪರೀಕ್ಷೆ. ಇಂಗ್ಲೆಂಡಿನ ಬ್ಯಾಡ್ಮಿಂಟನ್ ಎಂಬ ಊರಿನಲ್ಲಿ ನಡೆಯುವಂಥ ಐದು ನಕ್ಷತ್ರದ, ಎಂದರೆ ಅತ್ಯುನ್ನತ ಮಟ್ಟದ ಕೂಟದಲ್ಲಿ ಕುದುರೆ ನಿಮಿಷಕ್ಕೆ 570 ಮೀಟರ್ ವೇಗದಲ್ಲಿ ಆರು ಕಿಲೋಮೀಟರಿಗೂ ಹೆಚ್ಚು ಓಡುತ್ತದೆ. ದಾರಿಯಲ್ಲಿ ಅಲುಗಾಡದ ದಿಮ್ಮಿಗಳು, ನೀರಿನ ಹೊಂಡಗಳು, ಕಮರಿಗಳು. ತಡವಾದ ಪ್ರತಿ ಸೆಕೆಂಡಿಗೂ 0.4 ಅಂಕ ದಂಡ.

ಇಷ್ಟನ್ನು ತಡೆದುಕೊಳ್ಳಲು ಆ ದೇಹದೊಳಗೆ ಏನೇನಿದೆ ಎಂದು ನೋಡಿದರೆ ಬೆರಗಾಗುತ್ತದೆ. ಲಾಯದಲ್ಲಿ ಸುಮ್ಮನೆ ನಿಂತಾಗ ನಿಮಿಷಕ್ಕೆ ಮೂವತ್ತು ನಲವತ್ತು ಸಲ ಬಡಿಯುವ ಹೃದಯ ನಾಗಾಲೋಟದಲ್ಲಿ 220 ದಾಟುತ್ತದೆ. ಅದೇ ಹೊತ್ತಿಗೆ ಗುಲ್ಮ ಬಿಗಿಯಾಗಿ ಕುಗ್ಗಿ, ತಾನು ಕೂಡಿಟ್ಟಿದ್ದ ಕೆಂಪು ರಕ್ತಕಣಗಳನ್ನು ಹರಿವಿಗೆ ಬಿಡುತ್ತದೆ. ರಕ್ತದಲ್ಲಿ ಶೇ 40ರಷ್ಟಿದ್ದ ಕೆಂಪುಕಣಗಳ ಪಾಲು ಶೇ 60ಕ್ಕೆ ಏರುತ್ತದೆ. ಮನುಷ್ಯ ಓಟಗಾರರು ಕದ್ದುಮುಚ್ಚಿ ಮಾಡಿ ಸಿಕ್ಕಿಬೀಳುವ 'ರಕ್ತ ಡೋಪಿಂಗ್' ಕುದುರೆಗೆ ಹುಟ್ಟಿನಿಂದಲೇ ಬಂದದ್ದು! ಇನ್ನು ಉಸಿರು. ಕುದುರೆ ಬಾಯಿಂದ ಉಸಿರಾಡಲಾರದು, ಮೂಗೊಂದೇ ದಾರಿ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು. ಹೆಜ್ಜೆ ತಪ್ಪಿದರೆ ಉಸಿರಿನ ಲಯವೂ ತಪ್ಪುತ್ತದೆ.

ಕಾಲಿನ ವಿಷಯಕ್ಕೆ ಬಂದರೆ, ಗೆದ್ದವರು ಸೋತವರು ಎಲ್ಲರೂ ಹೆದರುವುದು ಒಂದು ಸ್ನಾಯುರಜ್ಜುವಿಗೆ. ಮುಂಗಾಲಿನ ಹಿಂಬದಿಯಲ್ಲಿ, ಮಂಡಿಯಿಂದ ಕೆಳಗೆ, ಚರ್ಮದಡಿಯಲ್ಲೇ ಬೆರಳಿಗೆ ಸಿಗುತ್ತದೆ ಅದು. ಕಾಲು ನೆಲಕ್ಕೆ ತಾಗಿದಾಗ ಹಿಗ್ಗಿ, ಎತ್ತುವಾಗ ಕುಗ್ಗಿ, ಶಕ್ತಿಯನ್ನು ಹಿಂದಿರುಗಿಸುವುದು ಅದರ ಕೆಲಸ. ಹಿಂದಿರುಗದ ಅಲ್ಪ ಪಾಲು ಬಿಸಿಯಾಗಿ ಅಲ್ಲೇ ಉಳಿಯುತ್ತದೆ. ರಜ್ಜುವಿನ ನಡುಭಾಗದಲ್ಲಿ ರಕ್ತದ ಹರಿವು ಕಡಿಮೆ, ಹಾಗಾಗಿ ಬಿಸಿ ಹೊರಗೆ ಹೋಗುವುದಿಲ್ಲ. ನಾಗಾಲೋಟದಲ್ಲಿ ಅಲ್ಲಿನ ಉಷ್ಣತೆ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಏರುವುದನ್ನು ಅಳೆದು ನೋಡಿದ್ದಾರೆ. ಒಳಗಿನ ಎಳೆಗಳು ಸದ್ದಿಲ್ಲದೆ ಸವೆಯುತ್ತವೆ. ಒಂದು ದಿನ, ಏನೂ ವಿಶೇಷವಲ್ಲದ ಓಟದಲ್ಲಿ, ಕಿತ್ತುಹೋಗುತ್ತವೆ. ಕ್ರಾಸ್‌ಕಂಟ್ರಿ ಮುಗಿದೊಡನೆ ಕಾಲಿಗೆ ಮಂಜುಗಡ್ಡೆ ಕಟ್ಟುವುದು, ಪ್ರತಿ ಬೆಳಗ್ಗೆ ಲಾಯಕ್ಕೆ ಬಂದವರು ಬೇರೆ ಕೆಲಸಕ್ಕೆ ಮೊದಲು ಆ ರಜ್ಜುವಿನ ಉದ್ದಕ್ಕೂ ಬೆರಳಾಡಿಸಿ ಬಿಸಿ, ಬಾವು ಹುಡುಕುವುದು ಇದಕ್ಕಾಗಿಯೇ. ಈವೆಂಟಿಂಗ್ ಕುದುರೆ ಸಾಕುವವರ ದಿನಚರಿಯಲ್ಲಿ ಸವಾರಿಗಿಂತ ಈ ಬೆರಳಾಟಕ್ಕೇ ಬೆಲೆ ಜಾಸ್ತಿ.

ಸೆಕೆಯದ್ದೂ ಒಂದು ಕತೆ. ಐದುನೂರು ಕಿಲೋ ದೇಹಕ್ಕೆ ಹೋಲಿಸಿದರೆ ಕುದುರೆಯ ಚರ್ಮದ ಹರವು ಕಡಿಮೆ, ಬಿಸಿ ಬೇಗ ಇಳಿಯದು. ಗಂಟೆಗೆ ಹತ್ತು ಹದಿನೈದು ಲೀಟರ್ ಬೆವರು ಸುರಿಸುತ್ತದೆ, ಅದೂ ನಮ್ಮದಕ್ಕಿಂತ ಉಪ್ಪಾದ ಬೆವರು. ಕಾದ ಕುದುರೆಗೆ ತಣ್ಣೀರು ಸುರಿದರೆ ಸ್ನಾಯು ಸೆಟೆದುಕೊಳ್ಳುತ್ತವೆ ಎಂಬ ನಂಬಿಕೆ ತಲೆತಲಾಂತರದ್ದು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ಗೆ ಮೊದಲು ವಿಜ್ಞಾನಿಗಳು ಕೂತು ಪರೀಕ್ಷಿಸಿದಾಗ ಅದು ಸುಳ್ಳೆಂದು ಗೊತ್ತಾಯಿತು. ತಣ್ಣೀರನ್ನು ಮೈತುಂಬ, ಮತ್ತೆ ಮತ್ತೆ, ಧಾರಾಳವಾಗಿ ಸುರಿಯುವುದೇ ಮದ್ದು. ಟೋಕಿಯೊದಲ್ಲೂ ಅದನ್ನೇ ಮಾಡಿದರು, ಓಟವನ್ನು ಬೆಳಗಿನ ಹೊತ್ತಿಗೆ ಇಟ್ಟರು, ದಾರಿಯನ್ನೂ ಕಿರಿದು ಮಾಡಿದರು.

ಇಂಥ ದೇಹ ಪಳಗಲು ವರ್ಷಗಳು ಬೇಕು. ರೇಸಿನ ಕುದುರೆ ಎರಡು ಮೂರು ವರ್ಷಕ್ಕೇ ಓಡುತ್ತದೆ, ಐದಾರಕ್ಕೆ ನಿವೃತ್ತಿ. ಈವೆಂಟಿಂಗ್‌ನಲ್ಲಿ ಐದು ನಕ್ಷತ್ರದ ಕೂಟಕ್ಕೆ ಕುದುರೆಗೆ ಕನಿಷ್ಠ ಎಂಟು ವರ್ಷ ಆಗಿರಲೇಬೇಕು. ನ್ಯೂಜಿಲೆಂಡಿನ ಮಾರ್ಕ್ ಟಾಡ್ ಏರಿದ ಕರಿಸ್ಮಾ 1984 ಮತ್ತು 1988ರಲ್ಲಿ, ಜರ್ಮನಿಯ ಮೈಕಲ್ ಯೂಂಗ್ ಏರಿದ ಸ್ಯಾಮ್ 2012 ಮತ್ತು 2016ರಲ್ಲಿ ಚಿನ್ನ ತಂದವು. ಎರಡಕ್ಕೂ ಮೊದಲ ಚಿನ್ನದ ಹೊತ್ತಿಗೆ ಹನ್ನೆರಡರ ಆಸುಪಾಸು, ಎರಡನೆಯದಕ್ಕೆ ಹದಿನಾರರ ಆಸುಪಾಸು. ಎರಡೂ ಬೀಜ ತೆಗೆಸಿದ ಗಂಡುಗಳು. ಗಂಡನ್ನು ಹಾಗೇ ಬಿಟ್ಟರೆ ಪಳಗಿಸುವುದು ಕಷ್ಟವೆಂದು ಚಿಕ್ಕಂದಿನಲ್ಲೇ ಬೀಜ ತೆಗೆಸುತ್ತಾರೆ. ಅದು ಜಗತ್ತಿನಲ್ಲೇ ಶ್ರೇಷ್ಠವೆಂದು ಗೊತ್ತಾಗುವುದು ಹತ್ತು ವರ್ಷದ ಮೇಲೆ. ಆಗ ಕೈಹಿಸುಕಿಕೊಳ್ಳಬಹುದು, ಅಷ್ಟೇ. ಇಷ್ಟು ದುಬಾರಿಯಾದ ಆಟದಲ್ಲಿ ಇಷ್ಟು ಉಡಾಫೆಯಿಂದ ಒಳ್ಳೆಯ ವಂಶವಾಹಿಗಳನ್ನು ಕಳೆದುಕೊಳ್ಳುವುದು ನನಗಂತೂ ವಿಚಿತ್ರವೆನಿಸುತ್ತದೆ.

ಹಾಗಾಗಿ ಉಳಿಯುವ ಭರವಸೆ ಹೆಣ್ಣು ಕುದುರೆ. ಆಕೆಯ ತೊಡಕು ಬೇರೆ.

ಕುದುರೆಯ ಗರ್ಭ ಹನ್ನೊಂದು ತಿಂಗಳು, ಸರಾಸರಿ 340 ದಿನ. ಮರಿಗೆ ಹಾಲೂಡಿಸಿ ಬಿಡಿಸುವಷ್ಟರಲ್ಲಿ ಇನ್ನೈದಾರು ತಿಂಗಳು. ಆಮೇಲೆ ಸಡಿಲವಾದ ಮೈಯನ್ನು ಮತ್ತೆ ಹದಕ್ಕೆ ತರಬೇಕು. ಒಂದು ಮರಿಗೆ ಎರಡು ವರ್ಷ ಹೋಯಿತು. ಗೆಲ್ಲುವ ವಯಸ್ಸು ಹತ್ತರಿಂದ ಹದಿನೈದು; ಫಲವತ್ತತೆ ಇಳಿಯತೊಡಗುವುದೂ ಹದಿನೈದರ ಸುಮಾರಿಗೆ. ಮೊದಲು ಗೆಲ್ಲಲಿ, ಆಮೇಲೆ ಹೆರಲಿ ಎಂದು ಕಾದರೆ ಬೆದೆಗೆ ಬಂದರೂ ಗರ್ಭ ನಿಲ್ಲದ ಮುದುಕಿ ಉಳಿಯುತ್ತಾಳೆ.

ಅದರ ಮೇಲೆ ಋತುವಿನ ಕಟ್ಟುಪಾಡು ಬೇರೆ. ಹಗಲು ಉದ್ದವಾಗುತ್ತ ಬಂದಾಗ ಮಾತ್ರ ಹೆಣ್ಣು ಕುದುರೆಯ ಅಂಡಾಶಯ ಎಚ್ಚರಗೊಳ್ಳುತ್ತದೆ. ಬೆಳಕು ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ, ಅದರ ತಡೆ ಸರಿದಾಗ ಇಪ್ಪತ್ತೊಂದು ದಿನಗಳ ಬೆದೆ ಚಕ್ರ ತಿರುಗತೊಡಗುತ್ತದೆ. ಯುರೋಪಿನ ತಳಿಗಾರರು ಡಿಸೆಂಬರ್ ಮೊದಲಿಗೇ ಲಾಯದಲ್ಲಿ ದೀಪ ಹಚ್ಚಿ ಹಗಲನ್ನು ಹದಿನಾರು ಗಂಟೆಗೆ ಎಳೆಯುತ್ತಾರೆ. ಈಚೆಗೆ ಒಂದೇ ಕಣ್ಣಿಗೆ ನೀಲಿ ಬೆಳಕು ಬೀರುವ ಮುಖವಾಡವೂ ಬಂದಿದೆ. ಅದನ್ನು ಹಾಕಿಕೊಂಡು ಹೆಣ್ಣು ಕುದುರೆ ಹೊರಗೇ ಮೇಯಬಹುದು. ಲಂಡನ್ನಿನಲ್ಲಿ ಡಿಸೆಂಬರ್ ಹಗಲು ಎಂಟು ಗಂಟೆಗೂ ಕಡಿಮೆ, ಜೂನ್‌ನದ್ದು ಹದಿನಾರೂವರೆ. ಬೆಂಗಳೂರಿನಲ್ಲಿ ಈ ಅಂತರ ಒಂದೂವರೆ ಗಂಟೆ ಅಷ್ಟೇ. ಸಮಭಾಜಕಕ್ಕೆ ಹತ್ತಿರ ಬಂದಷ್ಟೂ ಈ ಕಟ್ಟುಪಾಡು ಸಡಿಲವಾಗುತ್ತದೆ.

ಹೆಣ್ಣು ಓಡುತ್ತಲೂ ಇರಬೇಕು, ಮರಿಯೂ ಬೇಕು. ಇದಕ್ಕೆ ಸಿಕ್ಕ ಉತ್ತರ ಭ್ರೂಣ ವರ್ಗಾವಣೆ. ಕೃತಕ ಗರ್ಭಧಾರಣೆ ಮಾಡಿಸಿ, ಅಂಡ ಬಿಡುಗಡೆಯಾದ ಏಳೆಂಟು ದಿನಕ್ಕೆ ಗರ್ಭಕೋಶಕ್ಕೆ ದ್ರವ ತುಂಬಿ ತೊಳೆದು, ಸೋಸುಕದಲ್ಲಿ ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಹುಡುಕುತ್ತಾರೆ. ಸಿಕ್ಕರೆ, ಗಸಗಸೆ ಕಾಳಿಗಿಂತ ಚಿಕ್ಕ ಭ್ರೂಣ. ಅದನ್ನು ಅದೇ ದಿನಗಳಲ್ಲಿ ಅಂಡ ಬಿಟ್ಟಿರುವ ಇನ್ನೊಂದು ಹೆಣ್ಣಿನ ಗರ್ಭಕೋಶಕ್ಕೆ ಸೇರಿಸುತ್ತಾರೆ. ಕೆಲವೇ ದಿನಕ್ಕೆ ಮೊದಲಿನವಳು ಮತ್ತೆ ಬೆನ್ನ ಮೇಲೆ ಜೀನು ಹೊರುತ್ತಾಳೆ. ಈ ಕೆಲಸದಲ್ಲಿ ಕುದುರೆಯೇ ಒಂದು ಸಹಾಯ ಮಾಡುತ್ತದೆ: ಫಲವಾಗದ ಅಂಡಗಳನ್ನು ಅಂಡನಾಳ ಗರ್ಭಕೋಶಕ್ಕೆ ಇಳಿಯಗೊಡುವುದಿಲ್ಲ, ಅವು ಅಲ್ಲೇ ಸಿಕ್ಕಿಕೊಂಡು ಕರಗುತ್ತವೆ. ಫಲವಾದ ಭ್ರೂಣ ಮಾತ್ರ ತಾನೇ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಸ್ರವಿಸಿ ನಾಳದ ಬಿಗಿ ಸಡಿಲಿಸಿಕೊಂಡು ಇಳಿಯುತ್ತದೆ.

ಹಸು ಸಾಕಿದವರು ಇಲ್ಲೊಂದು ಪ್ರಶ್ನೆ ಕೇಳಬಹುದು. ಹಸುವಿಗೆ ಹಾರ್ಮೋನು ಚುಚ್ಚಿ ಒಂದೇ ಸಲಕ್ಕೆ ಹಲವು ಅಂಡ ಬಿಡಿಸುತ್ತಾರಲ್ಲ, ಕುದುರೆಗೆ ಯಾಕಾಗದು? ಕುದುರೆಯ ಅಂಡಾಶಯ ಒಳಹೊರಗಾದದ್ದು. ಅಂಡ ಬೆಳೆಯುವ ಪದರ ಒಳಗಿದೆ, ಹೊರಬೀಳಲು ಇರುವುದು ಒಂದೇ ಒಂದು ಕುಳಿ. ಹಾರ್ಮೋನಿಗೂ ಅದು ಹಸುವಿನಷ್ಟು ಬಗ್ಗುವುದಿಲ್ಲ. ಹಾಗಾಗಿ ಬಹುಮಟ್ಟಿಗೆ ಬೆದೆಗೊಂದೇ ಭ್ರೂಣ. ಈಗ ಸೂಜಿಯಿಂದ ಅಂಡಾಣುಗಳನ್ನೇ ಹೀರಿ ತೆಗೆದು, ಪ್ರಯೋಗಾಲಯದಲ್ಲಿ ಒಂದೊಂದಕ್ಕೂ ಒಂದೊಂದೇ ವೀರ್ಯಾಣು ಚುಚ್ಚುವ ಇಕ್ಸಿ ವಿಧಾನ ಬಂದು ಈ ತೊಡಕು ಸ್ವಲ್ಪ ಕಮ್ಮಿಯಾಗಿದೆ.

ಇದರ ಫಲ ಕಣದಲ್ಲೇ ಕಂಡಿದೆ. ಹೆಡ್ಲಿ ಬ್ರಿಟಾನಿಯಾ ಎಂಬ ಕೆಂಚು ಹೆಣ್ಣು ಕುದುರೆ, ಎತ್ತರ ಬರೀ 160 ಸೆಂಟಿಮೀಟರ್. ಲುಸಿಂಡಾ ಫ್ರೆಡರಿಕ್ಸ್ ಜೊತೆ 2006ರಲ್ಲಿ ಬರ್ಲಿ, 2007ರಲ್ಲಿ ಬ್ಯಾಡ್ಮಿಂಟನ್, 2009ರಲ್ಲಿ ಕೆಂಟಕಿ ಕೂಟಗಳನ್ನು ಗೆದ್ದಳು. ಓಡುತ್ತಿದ್ದ ವರ್ಷಗಳಲ್ಲೇ ಅವಳ ಭ್ರೂಣಗಳನ್ನು ಬೇರೆ ಹೆಣ್ಣುಗಳು ಹೊತ್ತು ಹೆತ್ತವು. ಹಾಗೆಂದು ಓಟ, ಭ್ರೂಣ ಎಂಬ ಈ ಎರಡು ಕುದುರೆ ಸವಾರಿ ಪೂರ್ತಿ ಸಲೀಸೇನಲ್ಲ. ಬಿಸಿಲಿನಲ್ಲಿ ನಿತ್ಯ ದುಡಿಸಿದ ಹೆಣ್ಣುಗಳಲ್ಲಿ ತೊಳೆದಾಗ ಭ್ರೂಣ ಸಿಗುವುದು ಕಡಿಮೆ ಎಂದು ಅಮೆರಿಕದ ಟೆಕ್ಸಾಸ್‌ನ ಪ್ರಯೋಗಗಳು ತೋರಿಸಿವೆ. ಭಾರತದಲ್ಲೂ 2023ರ ಮೇ ತಿಂಗಳಲ್ಲಿ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದ ಬಿಕಾನೇರ್ ಶಾಖೆಯಲ್ಲಿ ಮಾರ್ವಾಡಿ ತಳಿಯ ಮರಿಯೊಂದು ಹೀಗೆ ಬಾಡಿಗೆ ತಾಯಿಯಲ್ಲಿ ಹುಟ್ಟಿತು. ಹೆಸರು ರಾಜ್ ಪ್ರಥಮ್. ನಮ್ಮ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಕುದುರೆ ತಳಿ ಬೆಳೆಸಿದ ಇತಿಹಾಸವಿದ್ದರೂ ಅಲ್ಲಿ ಇದಕ್ಕೆ ಜಾಗವಿರಲಿಲ್ಲ. ರೇಸಿನ ಥರೋಬ್ರೆಡ್ ಕುದುರೆಗೆ ಸಹಜ ಕೂಡುವಿಕೆಯಿಂದ ಹುಟ್ಟಿದ್ದರೆ ಮಾತ್ರ ನೋಂದಣಿ. ಕೃತಕ ಗರ್ಭಧಾರಣೆಯೂ ಸಲ್ಲದು.

ಎಲ್ಲರೂ ಹೇಳುವ ಕತೆ ಇಲ್ಲಿಗೆ ಮುಗಿಯುತ್ತದೆ. ನನಗೆ ಹೇಳಬೇಕೆನಿಸುವುದು ಮರಿಯನ್ನು ಹೊರುವ ಇನ್ನೊಂದು ಹೆಣ್ಣಿನ ಬಗ್ಗೆ. ವಂಶಾವಳಿಯಲ್ಲಿ ಆಕೆಗೆ ಕಾಲಂ ಇಲ್ಲ. ಆಕೆ ಬರೀ ಬಾಡಿಗೆ ಮನೆಯೇ? 1938ರಲ್ಲಿ ವಾಲ್ಟನ್ ಮತ್ತು ಹ್ಯಾಮಂಡ್ ಎಂಬ ವಿಜ್ಞಾನಿಗಳು ಕೇಂಬ್ರಿಜ್‌ನಲ್ಲಿ ದೈತ್ಯ ಶೈರ್ ಮತ್ತು ಗಿಡ್ಡ ಶೆಟ್‌ಲೆಂಡ್ ತಳಿಗಳನ್ನು ಎರಡೂ ದಿಕ್ಕಿನಲ್ಲಿ ಬೆರಕೆ ಮಾಡಿಸಿದರು. ವಂಶವಾಹಿಗಳ ಬೆರಕೆ ಎರಡು ಕಡೆಯೂ ಅರ್ಧರ್ಧವೇ. ಆದರೆ ಶೈರ್ ತಾಯಿಗೆ ಹುಟ್ಟಿದ ಮರಿ ಶೆಟ್‌ಲೆಂಡ್ ತಾಯಿಗೆ ಹುಟ್ಟಿದ ಮರಿಯ ಸುಮಾರು ಮೂರು ಪಟ್ಟು ತೂಗಿತು. ಹೊಟ್ಟೆ ಎಷ್ಟು ಜಾಗ ಕೊಟ್ಟಿತೋ ಅಷ್ಟು ಮರಿ. ಅಂದ ಮೇಲೆ ಚಿನ್ನ ಗೆದ್ದವಳ ಭ್ರೂಣವನ್ನು ಗಿಡ್ಡ, ಸೊರಗಿದ ಹೆಣ್ಣಿನಲ್ಲಿಟ್ಟು ಚಾಂಪಿಯನ್ ಬರಲಿ ಎಂದರೆ ಹೇಗೆ?

ಈ ತಾಯಿಯ ಪಾಲು ಅಲ್ಲಿಗೇ ನಿಲ್ಲುವುದಿಲ್ಲ. ಹೆರಿಗೆ ಹತ್ತಿರವಾದಾಗ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹನಿ ಕಟ್ಟುತ್ತದೆ. ಆಗ ಲಾಯದವರಿಗೆ ನಿದ್ದೆಯಿಲ್ಲ, ಯಾಕೆಂದರೆ ಕುದುರೆ ಈಯುವುದು ಹೆಚ್ಚಾಗಿ ನಡುರಾತ್ರಿ, ಅದೂ ಜನ ಅತ್ತ ಹೋದಾಗ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ಮೊದಲು ಕಾಣಬೇಕಾದದ್ದು ಬೆಳ್ಳನೆಯ ಪೊರೆ. ಕೆಂಪು ಮಖಮಲ್ಲಿನಂಥ ಚೀಲ ಕಂಡರೆ ಮಾಸು ಮೊದಲೇ ಕಳಚಿದೆ, ಮರಿಗೆ ಉಸಿರಿಲ್ಲ ಎಂದರ್ಥ. ವೈದ್ಯರಿಗೆ ಕಾಯುವಂತಿಲ್ಲ, ಆ ಕ್ಷಣವೇ ಅದನ್ನು ಕತ್ತರಿಸಬೇಕು. ಎಲ್ಲ ಸರಿಯಿದ್ದರೆ ಮುಂಗಾಲೆರಡು ಹಿಂದೆಮುಂದಾಗಿ ಬರುತ್ತವೆ. ಗೊರಸಿನ ತುದಿಗೆ ಹಳದಿ ಬಣ್ಣದ, ಮೆತ್ತನೆಯ, ರಬ್ಬರಿನಂಥ ಎಸಳುಗಳು ಅಂಟಿರುತ್ತವೆ. ಒದ್ದಾಡುವ ಮರಿಯ ಗೊರಸು ತಾಯಿಯ ಗರ್ಭಕೋಶ ಹರಿಯದಿರಲೆಂದು ಇರುವ ಏರ್ಪಾಟು. ಎದ್ದು ನಡೆದ ಕೆಲವೇ ಗಂಟೆಯಲ್ಲಿ ಸವೆದುಹೋಗುತ್ತವೆ.

ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡು ಗಂಟೆಯೊಳಗೆ ಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಮಾಸು ಬೀಳಬೇಕು ಎಂಬುದು ಲಾಯದ ಲೆಕ್ಕ. ಎರಡನೆಯದು ಜೀವದ ಪ್ರಶ್ನೆ. ಮನುಷ್ಯರ ಮಾಸಿನ ಮೂಲಕ ತಾಯಿಯ ಪ್ರತಿಕಾಯಗಳು ಮಗುವಿಗೆ ದಾಟುತ್ತವೆ. ಕುದುರೆಯ ಮಾಸು ಪದರ ಪದರವಾಗಿ ದಪ್ಪ, ಅವು ದಾಟುವುದಿಲ್ಲ. ಮರಿ ರೋಗನಿರೋಧಕ ಶಕ್ತಿಯೇ ಇಲ್ಲದಂತೆ ಹುಟ್ಟುತ್ತದೆ. ಅದಕ್ಕೆ ಬೇಕಾದ ಪ್ರತಿಕಾಯಗಳೆಲ್ಲ ಗಿಣ್ಣು ಹಾಲಿನಲ್ಲಿವೆ, ಅವನ್ನು ಹಾಗೇ ಹೀರಿಕೊಳ್ಳುವ ಕರುಳಿನ ಬಾಗಿಲು ಒಂದು ದಿನದೊಳಗೆ ಮುಚ್ಚುತ್ತದೆ. ಆ ಗಿಣ್ಣು ಹಾಲು ಚಾಂಪಿಯನ್ನಿನದಲ್ಲ, ಹೊತ್ತವಳದು. ಮೊದಲ ತಿಂಗಳುಗಳಲ್ಲಿ ಮನುಷ್ಯರನ್ನು ಕಂಡರೆ ಓಡಬೇಕೋ ನಿಲ್ಲಬೇಕೋ ಎಂದು ಮರಿ ಕಲಿಯುವುದೂ ಇವಳನ್ನು ನೋಡಿಯೇ. ಅನುಭವಿ ತಳಿಗಾರರು ಬಾಡಿಗೆ ತಾಯಿಯ ಅಂಡಾಶಯದಷ್ಟೇ ಅವಳ ಸ್ವಭಾವವನ್ನೂ ಪರೀಕ್ಷಿಸಿ ಕೊಳ್ಳುವುದು ಸುಮ್ಮನೆ ಅಲ್ಲ.

2003ರಲ್ಲಿ ಇಟಲಿಯ ಕ್ರೆಮೋನಾದಲ್ಲಿ ಮೊದಲ ತದ್ರೂಪಿ ಕುದುರೆ ಪ್ರೊಮಿಟಿಯಾ ಹುಟ್ಟಿದಾಗ ಈ ಇಬ್ಬರು ತಾಯಂದಿರ ಲೆಕ್ಕ ಇನ್ನಷ್ಟು ಗೋಜಲಾಯಿತು. ಯಾವ ಹೆಣ್ಣಿನ ಚರ್ಮದ ಕೋಶದಿಂದ ಭ್ರೂಣ ಮಾಡಿದ್ದರೋ ಅದೇ ಹೆಣ್ಣು ಅದನ್ನು ಹೊತ್ತು ಹೆತ್ತಿತು, ಅಂದರೆ ತನ್ನದೇ ಅವಳಿಯನ್ನು! 2012ರಿಂದ ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ ತದ್ರೂಪಿಗಳಿಗೂ ಸ್ಪರ್ಧಿಸಲು ಅವಕಾಶ ಕೊಟ್ಟಿದೆ. ಬೀಜ ತೆಗೆಸಿದ ಚಾಂಪಿಯನ್ನನ್ನು ತದ್ರೂಪಿಸಿ, ಹುಟ್ಟಿದ ಗಂಡನ್ನು ಬೀಜಕ್ಕೆ ಬಿಡುವುದು ಅದರ ಮುಖ್ಯ ಆಸೆ. ಆದರೆ ಆ ತದ್ರೂಪಿಯ ಕೋಶಗಳಿಗೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳು ಅಂಡಾಣು ಕೊಟ್ಟ ಯಾವುದೋ ಹೆಣ್ಣಿನವು, ಬೆಳೆದ ಗರ್ಭ ಮತ್ತೊಂದರದು. ಪೂರ್ತಿ ನಕಲು ಅದೂ ಅಲ್ಲ.

ಇವತ್ತು ತೊಳೆದು ತೆಗೆದ ಭ್ರೂಣ ಮುಂದಿನ ವರ್ಷ ಮರಿಯಾಗಿ, ಮೂರು ನಾಲ್ಕು ವರ್ಷಕ್ಕೆ ಬೆನ್ನ ಮೇಲೆ ಜೀನು ಕಂಡು, ಬ್ಯಾಡ್ಮಿಂಟನ್‌ನ ಗೆರೆಯ ಬಳಿ ನಿಲ್ಲಲು ಕಡಿಮೆಯೆಂದರೂ ಒಂಬತ್ತು ವರ್ಷ. ಆ ಹೊತ್ತಿಗೆ ವಂಶಾವಳಿಯ ತಾಯಿಗೆ ಇಪ್ಪತ್ತಾಗಿರುತ್ತದೆ. ಹೊತ್ತವಳು ಬೇರೆ ಬೇರೆಯವರ ಇನ್ನೂ ಐದಾರು ಮರಿಗಳನ್ನು ಹೆತ್ತು, ಸಾಕಿ, ಬಿಡಿಸಿ ಕಳಿಸಿರುತ್ತಾಳೆ.