ಬೇಹು ಮುಖ್ಯಸ್ಥರ ಕೈಯಲ್ಲಿ ಏನಿದೆ, ಏನಿಲ್ಲ

'ಎಂಐ6 ಮುಖ್ಯಸ್ಥರು ತೀರ್ಮಾನಿಸಿದರು, ಬ್ರಿಟನ್ ಇರಾಕಿಗೆ ನುಗ್ಗಿತು.' ಅಂತಾರಾಷ್ಟ್ರೀಯ ಸಂಬಂಧಗಳ ಉತ್ತರ ಪತ್ರಿಕೆ ತಿದ್ದುವಾಗ ಪ್ರತಿ ಬ್ಯಾಚಿನಲ್ಲೂ ಈ ಮಾತು ಎದುರಾಗುತ್ತದೆ. ಎಂಐ6 ಅಂದರೆ ಬ್ರಿಟನ್ನಿನ ವಿದೇಶಿ ಬೇಹು ಸಂಸ್ಥೆ. ಚೆನ್ನಾಗಿ ಓದುವ ಮಕ್ಕಳೇ ಬರೆಯುತ್ತಾರೆ, ಅದೇ ಸಂಕಟ.

ಜಾನ್ ಸಾವರ್ಸ್ ಅವರನ್ನು ನೋಡಿ. ಆರಂಭದಲ್ಲಿ ಕೆಲಕಾಲ ಎಂಐ6ನಲ್ಲಿದ್ದು, ಆಮೇಲೆ ರಾಜತಾಂತ್ರಿಕರಾಗಿಯೇ ಬೆಳೆದವರು. ಪ್ರಧಾನಿ ಬ್ಲೇರ್ ಕಚೇರಿ, ಈಜಿಪ್ಟಿನ ರಾಯಭಾರ, 2003ರಲ್ಲಿ ಕೆಲ ತಿಂಗಳು ಬಾಗ್ದಾದ್, ಇರಾನಿನ ಅಣು ಮಾತುಕತೆ, 2007ರಿಂದ ವಿಶ್ವಸಂಸ್ಥೆ. 2009ರ ನವೆಂಬರಿನಲ್ಲಿ ಎಂಐ6 ಮುಖ್ಯಸ್ಥರಾದರು. 'ಹಾಗಾದ್ರೆ ಸರ್, ರಾಯಭಾರಿ ಆಗಿದ್ದಾಗಲೂ ಬೇಹುಗಾರಿಕೆನೇ ಮಾಡ್ತಿದ್ರಾ?' ಎಂದು ಒಬ್ಬಳು ಕೇಳಿದಳು. ಇಲ್ಲಮ್ಮ, ಅದು ಬೇರೆ ಕೆಲಸ, ಇದು ಬೇರೆ ಕೆಲಸ.

ಮತ್ತೆ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ: ಮಾಹಿತಿ ತರುವವರು, ತೂಗುವವರು, ತೀರ್ಮಾನಿಸುವವರು ಬೇರೆ ಬೇರೆ. ಎಂಐ6 ಹೊರದೇಶಗಳಿಂದ ಗುಟ್ಟಿನ ಮಾಹಿತಿ ತರುತ್ತದೆ. ಅದನ್ನು ಬೇರೆ ಮೂಲಗಳ ಜೊತೆಗಿಟ್ಟು ತೂಗುವುದು ಕ್ಯಾಬಿನೆಟ್ ಕಚೇರಿಯ ಜಂಟಿ ಗುಪ್ತಚರ ಸಮಿತಿ. ತೀರ್ಮಾನ ಮಂತ್ರಿಗಳದ್ದು. 2002ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಸರ್ಕಾರ ಪ್ರಕಟಿಸಿದ ಇರಾಕ್ ಕಡತವನ್ನೇ ತೆಗೆದುಕೊಳ್ಳಿ. 45 ನಿಮಿಷದಲ್ಲಿ ಸಮೂಹನಾಶಕ ಅಸ್ತ್ರ ಸಜ್ಜಾಗಬಲ್ಲದು ಎಂಬ ಮಾತು ಅದರಲ್ಲಿತ್ತು. ಯಾವ ಬಗೆಯ ಅಸ್ತ್ರ ಎಂದು ಹೇಳದೆ ಅದನ್ನು ಸೇರಿಸಬಾರದಿತ್ತು ಎಂದು ಆ ಗುಪ್ತಚರ ಮಾಹಿತಿಯನ್ನು ಪರಿಶೀಲಿಸಿದ 2004ರ ಬಟ್ಲರ್ ವರದಿ ಹೇಳಿತು. ಜಂಟಿ ಗುಪ್ತಚರ ಸಮಿತಿಯ ಅಧ್ಯಕ್ಷರು ಮಂತ್ರಿಗಳ ಜೊತೆ ವ್ಯವಹರಿಸಿದ ಅನುಭವಿ ಆಗಿರಬೇಕು, ಯಾರ ಪ್ರಭಾವಕ್ಕೂ ಮಣಿಯದವರಾಗಿರಬೇಕು, ಬಹುಶಃ ಅದು ಅವರ ಕೊನೆಯ ಹುದ್ದೆಯಾಗಿರಬೇಕು ಎಂದೂ ಹೇಳಿತು. ಎಡವಟ್ಟಾದದ್ದು ಮಾಹಿತಿ ತರುವಲ್ಲಿ ಮಾತ್ರವಲ್ಲ, ತೂಗುವಲ್ಲೂ ಹೌದು. ಮೂರನ್ನೂ ಒಬ್ಬನ ತಲೆಗೆ ಕಟ್ಟಿದರೆ ಇದು ಕಾಣುವುದೇ ಇಲ್ಲ.

ನಮ್ಮ ರಾ ಸಂಸ್ಥೆ ಕ್ಯಾಬಿನೆಟ್ ಸಚಿವಾಲಯದಡಿ ಇದೆ. ಅದಕ್ಕೆಂದೇ ಸಂಸತ್ತು ಮಾಡಿದ ಕಾಯ್ದೆ ಇಲ್ಲ. ಎಂಐ6ಗೆ 1994ರ ಕಾಯ್ದೆ ಇದೆ, ಹೊಣೆ ವಿದೇಶಾಂಗ ಮಂತ್ರಿಯದು. 2010ರ ಅಕ್ಟೋಬರಿನಲ್ಲಿ ಸಾವರ್ಸ್ ಲಂಡನ್ನಿನಲ್ಲಿ ಸಂಪಾದಕರ ಮುಂದೆ ಮಾತಾಡಿದರು. ಹುದ್ದೆಯಲ್ಲಿರುವ ಎಂಐ6 ಮುಖ್ಯಸ್ಥರೊಬ್ಬರು ಹಾಗೆ ಬಹಿರಂಗವಾಗಿ ಭಾಷಣ ಮಾಡಿದ್ದು ಅದೇ ಮೊದಲು. ರಾಜಕೀಯ ಅಪಾಯವಿರುವ ಕಾರ್ಯಾಚರಣೆಗೆ ಮೊದಲೇ ಮಂತ್ರಿಯ ಒಪ್ಪಿಗೆ ಕೇಳುತ್ತೇನೆ ಎಂದರು. ನನ್ನ ವಿದ್ಯಾರ್ಥಿಗಳು ಆ ಭಾಷಣ ಓದಲೇಬೇಕು.

ರಾಜತಾಂತ್ರಿಕರೇ ಒಳ್ಳೆಯ ಮುಖ್ಯಸ್ಥರಾಗುತ್ತಾರೆ ಎನ್ನುವಷ್ಟು ದೂರ ನಾನು ಹೋಗಲಾರೆ. ಸಾವರ್ಸ್ ಅವರಿಗಿಂತ ಮುಂಚಿನ ಜಾನ್ ಸ್ಕಾರ್ಲೆಟ್, ನಂತರದ ಅಲೆಕ್ಸ್ ಯಂಗರ್ ಇಬ್ಬರೂ ಬೇಹುಗಾರಿಕೆಯಲ್ಲೇ ಬೆಳೆದವರು. 2020ರಲ್ಲಿ ಬಂದ ರಿಚರ್ಡ್ ಮೂರ್ ಮಾತ್ರ ಟರ್ಕಿಯಲ್ಲಿ ರಾಯಭಾರಿಯಾಗಿದ್ದರು.