ಅರ್ಧ ಅರ್ಧ ಇರಲೇಬೇಕಾ?

ಆ ಹುಡುಗಿ ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದಳು. ಮನಸ್ಸಿಗೆ ಹಿಡಿಸಿದ ಹುಡುಗರು ಎಡಕ್ಕೆ, ಹುಡುಗಿಯರು ಬಲಕ್ಕೆ. ಎಡಕ್ಕೆ ಒಂಬತ್ತು ಹೆಸರು, ಬಲಕ್ಕೆ ಎರಡು. "ಮೇಡಂ, ಇಷ್ಟಕ್ಕೆಲ್ಲ ನಾನು ಬೈ, ಅಂದ್ರೆ ಬೈಸೆಕ್ಶುವಲ್, ಅಂತ ಹೇಳ್ಕೋಬಹುದಾ?" ಎಂದು ಕೇಳಿದಳು. ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ಬರೆಯುತ್ತಿದ್ದೇನೆ.

ಆಪ್ತಸಮಾಲೋಚನೆಗೆ ಬರುವವರ ಈ ಲೆಕ್ಕ ನೋಡಿ ನೋಡಿ ಸಾಕಾಗಿದೆ. ಬೈಸೆಕ್ಶುವಲ್ ಎಂದರೆ ಅರ್ಧ ಅರ್ಧ ಅಲ್ಲ. ಒಂದಕ್ಕಿಂತ ಹೆಚ್ಚು ಲಿಂಗದವರ ಕಡೆ ಮನಸ್ಸು ಹೋಗಬಲ್ಲದು, ಅಷ್ಟೇ. ಒಂದೇ ಕಾಲಕ್ಕೆ ಹೋಗಬೇಕಿಲ್ಲ, ಒಂದೇ ಥರ ಹೋಗಬೇಕಿಲ್ಲ, ಒಂದೇ ಅಳತೆಯಲ್ಲೂ ಹೋಗಬೇಕಿಲ್ಲ. ಒಬ್ಬರ ಮೇಲೆ ಮೈಯ ಸೆಳೆತ ಜಾಸ್ತಿ, ಇನ್ನೊಬ್ಬರ ಮೇಲೆ ಪ್ರೀತಿ ಜಾಸ್ತಿ ಇರಬಹುದು. ಇಪ್ಪತ್ತು ವರ್ಷ ಗಂಡನ ಜೊತೆ ಸುಖವಾಗಿ ಬಾಳಿದವರೂ ಬೈ ಆಗಿರಬಹುದು. ಇನ್ನೂ ಯಾರ ಕೈಯನ್ನೂ ಹಿಡಿಯದವರೂ ಆಗಿರಬಹುದು. 1948ರಲ್ಲಿ ಅಮೆರಿಕದ ಲೈಂಗಿಕತೆಯ ಸಂಶೋಧಕ ಆಲ್ಫ್ರೆಡ್ ಕಿನ್ಸಿ ಇದಕ್ಕೆ ಸೊನ್ನೆಯಿಂದ ಆರರವರೆಗೆ ಒಂದು ಅಳತೆ ಕೊಟ್ಟರು. ಸೊನ್ನೆ ಎಂದರೆ ಬೇರೆ ಲಿಂಗದವರ ಕಡೆ ಮಾತ್ರ, ಆರು ಎಂದರೆ ತಮ್ಮದೇ ಲಿಂಗದವರ ಕಡೆ ಮಾತ್ರ. ಎರಡು ತುದಿಗಳ ನಡುವೆ ಐದು ಮೆಟ್ಟಿಲು. ಅದರಲ್ಲಿ ಸರಿಸಮ ಎನ್ನುವುದು ಒಂದೇ ಮೆಟ್ಟಿಲು, ಮೂರನೆಯದು. ಉಳಿದ ನಾಲ್ಕನ್ನು ಜನ ಯಾಕೆ ಮರೆಯುತ್ತಾರೋ!

ಬೈಸೆಕ್ಶುವಲ್‌ಗೆ ಇರುವ ನಮ್ಮ ಕನ್ನಡ ಪದವೂ ಕಾಟ ಕೊಡುತ್ತದೆ. ದ್ವಿಲಿಂಗಿ ಎಂದ ತಕ್ಷಣ ಶಾಲೆಯಲ್ಲಿ ಓದಿದ ದಾಸವಾಳ ನೆನಪಾಗುತ್ತದೆ. ಗಂಡು ಭಾಗ, ಹೆಣ್ಣು ಭಾಗ ಎರಡೂ ಒಂದೇ ಹೂವಿನಲ್ಲಿ. ಒಬ್ಬ ತಾಯಿ "ಮಗನ ಮೈಯಲ್ಲಿ ಏನಾದ್ರೂ ಹೆಚ್ಚುಕಮ್ಮಿ ಇದ್ಯಾ, ಸ್ಕ್ಯಾನಿಂಗ್ ಮಾಡಿಸ್ಲಾ?" ಎಂದು ಕೇಳಿದ್ದರು. ಪಾಪ, ಎರಡು ದಿನದಿಂದ ಸರಿಯಾಗಿ ಊಟ ಮಾಡಿರಲಿಲ್ಲ. ಇದು ಮೈಯ ರಚನೆಯ ಮಾತೇ ಅಲ್ಲಮ್ಮ ಎಂದು ಹೇಳಿ ಮೊದಲು ಕಾಫಿ ಕುಡಿಸಿದೆ.

ನೋಟ್‌ಬುಕ್ಕಿಗೆ ಬರುತ್ತೇನೆ. ಬಲಗಡೆಯ ಎರಡೂ ಹೆಸರಿನ ಮುಂದೆ ಪೆನ್ಸಿಲಿನಲ್ಲಿ "ಬರೀ ಫ್ರೆಂಡ್‌ಶಿಪ್ಪಾ?" ಎಂದು ಬರೆದಿತ್ತು. ಒಂದು ಕಡೆ ಅಳಿಸಿ ಅಳಿಸಿ ಕಾಗದವೇ ಸವೆದಿತ್ತು. ಎಡಗಡೆಯ ಒಂಬತ್ತು ಹೆಸರಿಗೆ ಅಂಥ ಪ್ರಶ್ನೆ ಒಂದೂ ಇರಲಿಲ್ಲ. "ಇವರ ಬಗ್ಗೆ ಯಾಕೆ ಕೇಳ್ಕೊಂಡಿಲ್ಲ?" ಎಂದೆ. ಸುಮಾರು ಹೊತ್ತು ಪುಟವನ್ನೇ ನೋಡುತ್ತಾ ಕೂತಳು. "ಹುಡುಗರು ಇಷ್ಟ ಆಗೋದು ಮಾಮೂಲಿ ಅಲ್ವಾ" ಎಂದಳು ಕೊನೆಗೆ. ಹೆಚ್ಚಿನವರು ಹೀಗೇ. ಒಂದು ಕಡೆಗೆ ಮಾತ್ರ ಸಾಕ್ಷಿ ಕೇಳುತ್ತಾರೆ.

ಈ ಮಾತು ಎಲ್ಲರಿಗೂ ಹೊಂದುತ್ತದೆ ಎನ್ನಲಾರೆ. ದಿನವಿಡೀ ತಮ್ಮನ್ನೇ ಪರೀಕ್ಷೆ ಮಾಡಿಕೊಳ್ಳುತ್ತಾ ನಿದ್ದೆಗೆಟ್ಟವರಿಗೆ ಮೊದಲು ಆತಂಕಕ್ಕೆ ಚಿಕಿತ್ಸೆ ಬೇಕಾಗಬಹುದು. ಹೆಸರು ಇಟ್ಟುಕೊಳ್ಳಲೇಬೇಕು ಎಂದೂ ಇಲ್ಲ. ಸ್ವಂತ ದುಡಿಮೆ ಇಲ್ಲದವರು ಮನೆಯಲ್ಲಿ ಹೇಳಲು ಅವಸರ ಮಾಡಬೇಡಿ. ಯಾವ ವೈದ್ಯರಾದರೂ "ಇದನ್ನ ಸರಿಮಾಡ್ತೀನಿ" ಎಂದರೆ ಮಾತ್ರ ತಕ್ಷಣ ಎದ್ದು ಬನ್ನಿ. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹಾಗೆ ಸರಿಮಾಡಲು ಹೊರಡುವುದನ್ನು ವೈದ್ಯರ ವೃತ್ತಿಯ ದುರ್ನಡತೆ ಎಂದು ಹೇಳಿದೆ.

ಆ ಹುಡುಗಿ ಈಗಲೂ ಬರುತ್ತಾಳೆ. ತನ್ನನ್ನು ಏನೆಂದು ಕರೆದುಕೊಳ್ಳಬೇಕು ಎಂದು ಇನ್ನೂ ತೀರ್ಮಾನಿಸಿಲ್ಲ. ಮೊನ್ನೆ ಬಲಗಡೆಯ ಒಬ್ಬಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದಳು.